ವಯಾ ಬ್ಯಾಂಕ್

ಶರಾವತಿ ಹಿನ್ನೀರಿನ ಆಚೆ ದಡದ ನಮ್ಮಂಥವರು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವ ಮುನ್ನ ಕೇಳುತ್ತಿದ್ದ ಮೊದಲ ಪ್ರಶ್ನೆ ‘ವಯಾ ಯಾವುದು?’ ಎಂಬುದು. ತುಮರಿಗೆ ಹೊಳೆಬಾಗಿಲಿನ ಲಾಂಚ್ ದಾಟಿ ಹೋಗುವುದು ಒಂದು ದಾರಿಯಾದರೆ, ಹೊಸನಗರ, ನಗರ, ನಿಟ್ಟೂರು ಎಂದು ಹಿನ್ನೀರನ್ನೆಲ್ಲ ಬಳಸಿಕೊಂಡು ಹೋಗುವುದು ಇನ್ನೊಂದು; ಮೊದಲನೆಯದರಲ್ಲಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಿತ್ತು, ಎರಡನೆಯದರಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಹಳ್ಳಿಯ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನನಗೆ ಈ ಶಬ್ದದೊಡನೆ ಇನ್ನೂ ಒಂದು ನಂಟಿತ್ತು. ಊರು, ಅಂಚೆ, ವಯಾ, ತಾಲ್ಲೂಕು ಎಂದು ಲಕೋಟೆಯ ಮೇಲೆ ಸಾಲಾಗಿ ಬರೆದಿರುತ್ತಿದ್ದ ವಿಳಾಸದಲ್ಲಿ ಊರಿನ ಹೆಸರಿನ ಕಾಗುಣಿತ ತಪ್ಪಿದ್ದರೂ ಕಾಗದ ಹೇಗೋ ಬಂದು ಸೇರುತ್ತಿತ್ತು. ವಯಾ ತಪ್ಪಿದ ಕಾಗದ ಮಾತ್ರ ಎಲ್ಲೆಲ್ಲೋ ಸುತ್ತಿ, ಮೂರು ಮೊಹರು ಹೊಡೆಸಿಕೊಂಡು ಬರುತ್ತಿತ್ತು. ಇಷ್ಟೆಲ್ಲ ತಿಳಿದಿದ್ದ ನಾನು 2019ರ ಜೂನ್ ತಿಂಗಳಲ್ಲಿ ಲಂಡನ್ನಿನ ಸುರಂಗ ರೈಲಿನಲ್ಲಿ ದಾರಿ ತಪ್ಪಿದ್ದು ಇದೇ ಶಬ್ದವನ್ನು ಓದದೆ ಹೋದದ್ದರಿಂದ.

ಮಗಳ ಮನೆ ಇದ್ದದ್ದು ಲಂಡನ್ನಿನ ವಾಯವ್ಯ ಭಾಗದಲ್ಲಿ, ಹೆಂಡನ್ ಸೆಂಟ್ರಲ್ ನಿಲ್ದಾಣದ ಹತ್ತಿರ. ಬಂದ ಮೊದಲ ಎರಡು ವಾರ ಶನಿವಾರ, ಭಾನುವಾರಗಳಂದು ಮಗಳು, ಅಳಿಯ ಇಬ್ಬರೂ ಕರೆದುಕೊಂಡು ಹೋದಲ್ಲೆಲ್ಲ ಅವರ ಬೆನ್ನು ನೋಡುತ್ತ ನಡೆದಿದ್ದೆ. ಹಾಗೆ ನಡೆದವರಿಗೆ ದಾರಿ ತಿಳಿಯುವುದಿಲ್ಲ, ಗೊತ್ತಾಗುವುದು ಮುಂದಿರುವವರ ಅಂಗಿಯ ಬಣ್ಣ ಮಾತ್ರ. ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಬೇಕೆಂಬ ಆಸೆ ನನಗಿತ್ತು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎರಡೂ ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಅವರಿಬ್ಬರೂ ಕಲ್ಯಾಣಕ್ಕೆ ನಡೆದು ಹೋದವರು. ನಾನು ರೈಲಿನಲ್ಲಾದರೂ ಒಬ್ಬಳೇ ಹೋಗಿ ಬರುತ್ತೇನೆಂದು ಒಂದು ಬುಧವಾರ ಹಟ ಹಿಡಿದೆ.

‘ಅಮ್ಮಾ, ನಿನಗೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲೇ ಗಲಿಬಿಲಿ ಆಗ್ತದೆ’ ಎಂದಳು ಮಗಳು. ಆದರೂ ಕೆಲಸಕ್ಕೆ ಹೊರಡುವ ಮುನ್ನ ನನ್ನ ಫೋನಿನಲ್ಲಿ ಎರಡು ಆ್ಯಪ್‌ಗಳನ್ನು ಸಿದ್ಧ ಮಾಡಿಕೊಟ್ಟಳು. ಒಂದು ಎಲ್ಲರಿಗೂ ಗೊತ್ತಿರುವ ಗೂಗಲ್ ಮ್ಯಾಪ್ಸ್. ಇನ್ನೊಂದು ಸಿಟಿಮ್ಯಾಪರ್, 2011ರಲ್ಲಿ ಲಂಡನ್ನಿನಲ್ಲೇ ಹುಟ್ಟಿದ್ದು, ಬಸ್ಸು ರೈಲುಗಳಲ್ಲಿ ಓಡಾಡುವವರಿಗೆಂದೇ ಮಾಡಿದ್ದು. ಹಣ ತುಂಬಿದ ಒಂದು ಆಯಿಸ್ಟರ್ ಕಾರ್ಡನ್ನೂ ಕೈಗಿತ್ತಳು. ಒಳಗೆ ಹೋಗುವಾಗ ಗೇಟಿಗೆ ಮುಟ್ಟಿಸಬೇಕು, ಹೊರಗೆ ಬರುವಾಗಲೂ ಮರೆಯದೆ ಮುಟ್ಟಿಸಬೇಕು, ಅಷ್ಟೆ.

ಸಿಟಿಮ್ಯಾಪರ್ ನನಗೆ ಕೊಟ್ಟ ದಾರಿಯ ಪಟ್ಟಿಯನ್ನು ನಾನು ಮೆಚ್ಚಿಕೊಂಡೆ ಎಂದೇ ಹೇಳಬೇಕು. ನಿಲ್ದಾಣದವರೆಗೆ ಎಷ್ಟು ನಿಮಿಷದ ನಡಿಗೆ, ನಕ್ಷೆಯಲ್ಲಿ ಕಪ್ಪು ಬಣ್ಣ ಹಚ್ಚಿರುವ ನಾರ್ದರ್ನ್ ಮಾರ್ಗದಲ್ಲಿ ದಕ್ಷಿಣದ ಕಡೆಗೆ ಎಷ್ಟು ನಿಲ್ದಾಣ, ವಾರೆನ್ ಸ್ಟ್ರೀಟಿನಲ್ಲಿ ಇಳಿದು ತಿಳಿನೀಲಿ ಬಣ್ಣದ ವಿಕ್ಟೋರಿಯಾ ಮಾರ್ಗಕ್ಕೆ ಬದಲಾಯಿಸಿ ವಾಕ್ಸಾಲ್‌ವರೆಗೆ ಇನ್ನೆಷ್ಟು ನಿಲ್ದಾಣ ಎಂಬುದೆಲ್ಲ ಅದರಲ್ಲಿತ್ತು. ರೈಲಿನ ಮುಂದಿನ, ನಡುವಿನ ಅಥವಾ ಹಿಂದಿನ ಬೋಗಿಗಳಲ್ಲಿ ಯಾವುದನ್ನು ಹತ್ತಿದರೆ ಇಳಿದ ಕೂಡಲೇ ಬಾಗಿಲಿಗೆ ಹತ್ತಿರವಾಗುತ್ತದೆ ಎಂಬುದನ್ನು ಕೂಡ ಅದು ತಿಳಿಸುತ್ತದೆ. ಮಂಡಿನೋವಿನ ಹೆಂಗಸಿಗೆ ಈ ಒಂದು ಸಾಲಿನಿಂದ ಆಗುವ ಉಪಕಾರವನ್ನು ಈ ಆ್ಯಪ್ ಬರೆದ ಯುವಕರು ಊಹಿಸಿದ್ದರೋ ಇಲ್ಲವೋ.

ಇದಕ್ಕೆ ಇಷ್ಟೆಲ್ಲ ಹೇಗೆ ಗೊತ್ತು ಎಂಬ ಕುತೂಹಲ ನನಗೆ ಹುಟ್ಟಿತು. ರಾತ್ರಿ ಅಳಿಯನನ್ನು ಕೇಳಿದಾಗ ಅವರು ವಿವರಿಸಿದ್ದು ನಮ್ಮ ಇಲಾಖೆಯ ಸಾರ್ಟಿಂಗ್ ಕೆಲಸಕ್ಕೆ ಬಹಳ ಹತ್ತಿರವಾಗಿತ್ತು. ಸಾರಿಗೆ ಸಂಸ್ಥೆಗಳು ತಮ್ಮ ನಿಲ್ದಾಣಗಳು, ಮಾರ್ಗಗಳು, ಓಟಗಳು, ಪ್ರತಿ ನಿಲ್ದಾಣ ಮುಟ್ಟುವ ವೇಳೆ ಇವುಗಳನ್ನು ಒಂದು ಗೊತ್ತಾದ ಕ್ರಮದ ಕಡತಗಳಲ್ಲಿ ಬರೆದು ಕೊಡುತ್ತವೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆಯೊಡನೆ ಸೇರಿ ಗೂಗಲ್ ಮೊದಲು ಈ ಕ್ರಮವನ್ನು ರೂಢಿಗೆ ತಂದಿತು. ಲಂಡನ್ನಿನ ಸಾರಿಗೆ ಸಂಸ್ಥೆ ತನ್ನ ವೇಳಾಪಟ್ಟಿಯನ್ನೂ ರೈಲುಗಳು ಆಯಾ ಕ್ಷಣಕ್ಕೆ ಎಲ್ಲಿವೆ ಎಂಬ ಮಾಹಿತಿಯನ್ನೂ ಯಾರು ಬೇಕಾದರೂ ಬಳಸುವಂತೆ ಉಚಿತವಾಗಿ ತೆರೆದಿಟ್ಟಿದೆ. ಆ್ಯಪ್ ಮಾಡುವುದು ಆ ಕಡತಗಳಲ್ಲಿ ಹುಡುಕಿ ಒಂದು ಓಟದ ಬಾಲಕ್ಕೆ ಇನ್ನೊಂದು ಓಟದ ತಲೆಯನ್ನು ಜೋಡಿಸುವ ಕೆಲಸವನ್ನು. ನಮ್ಮ ಲಾಂಚಿನ ಹೊತ್ತು ಮಾತ್ರ ಆ ಕಾಲದಲ್ಲಿ ಯಾವ ಕಡತದಲ್ಲೂ ಇರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನ ಹತ್ತಿಸುವುದನ್ನು ನಿಲ್ಲಿಸಿದ ಸುದ್ದಿ ಬಸ್ಸಿನ ಕಂಡಕ್ಟರ್ ಬಾಯಿಂದಲೇ ತಿಳಿಯಬೇಕಿತ್ತು.

ಹೆಂಡನ್ ಸೆಂಟ್ರಲ್‌ನಲ್ಲಿ ರೈಲು ಹತ್ತಿ ಕುಳಿತು ಫೋನು ತೆರೆದಾಗ ನೀಲಿ ಚುಕ್ಕೆ ನಕ್ಷೆಯ ಮೇಲೆ ಇರುವೆಯ ಹಾಗೆ ಸಾಗುತ್ತಿತ್ತು. ಹೆಸರಿಗೆ ಸುರಂಗ ರೈಲಾದರೂ ಲಂಡನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಳಿ ನೆಲದ ಮೇಲೆಯೇ ಇದೆ. ಬ್ರೆಂಟ್ ಕ್ರಾಸ್, ಗೋಲ್ಡರ್ಸ್ ಗ್ರೀನ್‌ವರೆಗೆ ಕಿಟಕಿಯಲ್ಲಿ ಮನೆಗಳ ಹಿತ್ತಿಲು, ಒಣಹಾಕಿದ ಬಟ್ಟೆ ಎಲ್ಲ ಕಾಣುತ್ತಿದ್ದವು. ಗೋಲ್ಡರ್ಸ್ ಗ್ರೀನ್ ಬಿಟ್ಟ ಕೂಡಲೇ ರೈಲು ಬಿಲ ಹೊಕ್ಕಿತು, ಚುಕ್ಕೆ ಬಣ್ಣಗೆಟ್ಟು ನಿಂತಲ್ಲೇ ನಿಂತಿತು. ಮುಂದಿನ ನಿಲ್ದಾಣ ಹ್ಯಾಂಪ್‌ಸ್ಟೆಡ್. ಮೇಲೆ ಗುಡ್ಡವಿರುವುದರಿಂದ ಅದು ಈ ಜಾಲದಲ್ಲೇ ಅತ್ಯಂತ ಆಳದ ನಿಲ್ದಾಣ, ನೆಲದಿಂದ 58.5 ಮೀಟರ್ ಕೆಳಗೆ.

ಚುಕ್ಕೆ ಏಕೆ ನಿಂತಿತೆಂದು ನನಗೆ ಆಶ್ಚರ್ಯವಾಗಲಿಲ್ಲ, ಏಕೆಂದರೆ ಇದರ ಉಲ್ಟಾ ಅನುಭವ ನಮ್ಮಲ್ಲಿ ನಿತ್ಯದ್ದು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಫೋನು ಅವುಗಳಲ್ಲಿ ಕನಿಷ್ಠ ನಾಲ್ಕರ ಸಂಕೇತವನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಅದಕ್ಕೆ ಟವರ್ ಬೇಕಿಲ್ಲ, ಆಕಾಶ ಬೇಕು. ಅದಕ್ಕೇ ನಮ್ಮೂರಿನಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಇಲ್ಲದ ಬ್ಯಾಣದ ಹುಲ್ಲುಗಾವಲಿನಲ್ಲಿಯೂ ನೀಲಿ ಚುಕ್ಕೆ ಜೀವಂತವಾಗಿರುತ್ತದೆ, ಅದರ ಸುತ್ತ ನಕ್ಷೆ ಮಾತ್ರ ಬರದೆ ಬಿಳಿ ಹಾಳೆಯಂತೆ ಉಳಿಯುತ್ತದೆ. ಲಂಡನ್ನಿನ ನೆಲದಡಿಯಲ್ಲಿ ನಕ್ಷೆ ಇತ್ತು, ಚುಕ್ಕೆ ಇರಲಿಲ್ಲ. ನಿಲ್ದಾಣಗಳಲ್ಲಿ ವೈಫೈ ಇತ್ತಾದರೂ ಅದು ಅಲ್ಲಿನ ಮೊಬೈಲ್ ಕಂಪನಿಗಳ ಗ್ರಾಹಕರಿಗೆ. ನನ್ನ ಬಳಿ ಇದ್ದದ್ದು ರೋಮಿಂಗ್ ಹಾಕಿಸಿದ ಊರಿನ ಸಿಮ್ಮು.

ಆದ್ದರಿಂದ ನಿಲ್ದಾಣಗಳನ್ನು ಬೆರಳಿನಲ್ಲಿ ಎಣಿಸುತ್ತ ಕುಳಿತೆ. ಕ್ಯಾಮ್ಡನ್ ಟೌನ್ ಆದ ಮೇಲೆ ಮಾರ್ನಿಂಗ್‌ಟನ್ ಕ್ರೆಸೆಂಟ್, ಆಮೇಲೆ ಯೂಸ್ಟನ್, ಆಮೇಲೆ ವಾರೆನ್ ಸ್ಟ್ರೀಟ್. ಕ್ಯಾಮ್ಡನ್‌ನಲ್ಲಿ ಬಹಳ ಜನ ದಡದಡನೆ ಇಳಿದರು, ಧ್ವನಿವರ್ಧಕದಲ್ಲಿ ಏನೋ ಹೇಳಿದರು, ನನಗೆ ತಿಳಿಯಲಿಲ್ಲ. ಮುಂದಿನ ನಿಲ್ದಾಣ ಯೂಸ್ಟನ್ ಎಂದು ಬಂತು. ಮಾರ್ನಿಂಗ್‌ಟನ್ ಕ್ರೆಸೆಂಟ್‌ನಲ್ಲಿ ರೈಲು ನಿಲ್ಲಿಸಲಿಲ್ಲವೇನೋ, ಎಕ್ಸ್‌ಪ್ರೆಸ್ ಬಸ್ಸು ಸಣ್ಣ ಊರುಗಳಲ್ಲಿ ನಿಲ್ಲಿಸದೆ ಹೋಗುವುದಿಲ್ಲವೇ, ಹಾಗೆ ಎಂದು ಸಮಾಧಾನ ಮಾಡಿಕೊಂಡೆ. ಯೂಸ್ಟನ್ ಆದ ಮೇಲೆ ಎದ್ದು ಬಾಗಿಲ ಬಳಿ ನಿಂತೆ. ಬಂದದ್ದು ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಾಸ್. ಇಳಿಯಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಬಾಗಿಲು ಮುಚ್ಚಿತು. ಅದರ ಮುಂದಿನ ಏಂಜೆಲ್‌ನಲ್ಲಿ ಇಳಿದುಬಿಟ್ಟೆ.

ರೈಲು ಹೊರಟುಹೋದ ಮೇಲೆ ಪ್ಲಾಟ್‌ಫಾರ್ಮಿನ ತೂಗುಫಲಕದಲ್ಲಿ ಮುಂದಿನ ಗಾಡಿಯ ಹೆಸರು ಮೂಡಿತು: ಮಾರ್ಡನ್ ವಯಾ ಬ್ಯಾಂಕ್. ಅದನ್ನು ಓದಿದಾಗ ನನಗೆ ಆದ ನಾಚಿಕೆ ಇಷ್ಟೆಂದು ಹೇಳಲಾರೆ. ನಾರ್ದರ್ನ್ ಮಾರ್ಗವು ಕ್ಯಾಮ್ಡನ್ ಟೌನ್‌ನಲ್ಲಿ ಎರಡಾಗಿ ಒಡೆದು, ಒಂದು ಕವಲು ಚೇರಿಂಗ್ ಕ್ರಾಸ್ ಮೇಲೆ, ಇನ್ನೊಂದು ಬ್ಯಾಂಕ್ ಮೇಲೆ ಹೋಗಿ, ನಗರದ ನಡುಭಾಗವನ್ನು ದಾಟಿದ ನಂತರ ಕೆನಿಂಗ್‌ಟನ್‌ನಲ್ಲಿ ಮತ್ತೆ ಒಂದಾಗುತ್ತದೆ. ಯೂಸ್ಟನ್ ಹೆಸರಿನ ನಿಲ್ದಾಣ ಎರಡೂ ಕವಲಿನಲ್ಲಿದೆ, ಅದೇ ನನ್ನನ್ನು ಮೋಸಗೊಳಿಸಿದ್ದು. ಹೊಳೆಬಾಗಿಲು, ನಿಟ್ಟೂರುಗಳ ಲೆಕ್ಕ ಇಲ್ಲಿಯೂ ಅಚ್ಚುಕಟ್ಟಾಗಿ ಹಾಗೆಯೇ ಇತ್ತು. ಹೆಂಡನ್‌ನ ಪ್ಲಾಟ್‌ಫಾರ್ಮಿನಲ್ಲಿ ಮೊದಲು ಬಂದ ಗಾಡಿಯ ಹಣೆಯ ಮೇಲೂ ‘ವಯಾ ಬ್ಯಾಂಕ್’ ಎಂದು ಇದ್ದಿರಲೇಬೇಕು. ಫೋನಿನ ಪಟ್ಟಿಯಲ್ಲಿ ‘ವಯಾ ಚೇರಿಂಗ್ ಕ್ರಾಸ್’ ಎಂದು ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಆಮೇಲೆ ನೋಡಿಕೊಂಡೆ. ಬ್ಯಾಂಕ್ ಎಂಬುದು ಬ್ಯಾಂಕ್ ಆಫ್ ಇಂಗ್ಲೆಂಡ್ ಬಳಿಯ ನಿಲ್ದಾಣದ ಹೆಸರು. ಕಣ್ಣಿಗೆ ಬಿದ್ದಿದ್ದರೂ ಯಾವುದೋ ಬ್ಯಾಂಕಿನ ಜಾಹೀರಾತೆಂದು ಬಿಟ್ಟುಬಿಡುತ್ತಿದ್ದೆನೋ ಏನೋ.

ಏಂಜೆಲ್‌ನಿಂದ ಹೊರಗೆ ಹೋದರೆ ಸಿಗ್ನಲ್ ಸಿಗುತ್ತಿತ್ತು, ಮಗಳಿಗೆ ಫೋನು ಮಾಡಬಹುದಿತ್ತು. ಆದರೆ ಅಲ್ಲಿನ ಎಸ್ಕಲೇಟರ್ ಇಡೀ ಜಾಲದಲ್ಲೇ ಅತಿ ಉದ್ದದ್ದು, ಸುಮಾರು 27 ಮೀಟರ್ ಎತ್ತರಕ್ಕೆ ಏರುತ್ತದೆ. ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದವಳು ಹಾಗೆಯೇ ಹಿಂದಿರುಗಿದೆ. ಮಗಳಿಗೆ ಹೇಳಿಕೊಳ್ಳುವ ಮನಸ್ಸೂ ಇರಲಿಲ್ಲ ಎಂಬುದು ನಿಜವಾದ ಕಾರಣ. ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಇಳಿಸಿಟ್ಟುಕೊಂಡಿದ್ದ ರೈಲು ನಕ್ಷೆಯನ್ನು ತೆರೆದೆ.

ಈ ನಕ್ಷೆಯ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಇದನ್ನು 1931ರಲ್ಲಿ ಬರೆದವರು ಹ್ಯಾರಿ ಬೆಕ್, ಲಂಡನ್ ಸುರಂಗ ರೈಲಿನ ಸಿಗ್ನಲ್ ವಿಭಾಗದಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಮೊದಲು ಮೇಲಿನವರು ಒಪ್ಪಲಿಲ್ಲ. 1933ರಲ್ಲಿ ಜೇಬಿನಲ್ಲಿಡುವ ಅಳತೆಯಲ್ಲಿ ಅಚ್ಚಾಗಿ ಬಂದಾಗ ಜನ ಒಪ್ಪಿದರು. ಅದರಲ್ಲಿ ಎಲ್ಲ ಗೆರೆಗಳೂ ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ. ನೆಲದ ಮೇಲಿನ ಗುರುತೆಂದು ಉಳಿಸಿಕೊಂಡದ್ದು ಥೇಮ್ಸ್ ನದಿ ಒಂದನ್ನೇ, ಅದನ್ನೂ ಮುರಿದು ನೇರ ಮಾಡಿ. ದೂರಕ್ಕೆ ಅಲ್ಲಿ ಬೆಲೆಯಿಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಇರುವುದು ಸುಮಾರು 260 ಮೀಟರ್, ತೋಟದಿಂದ ಮನೆಗೆ ಬಂದಷ್ಟು. ನಕ್ಷೆಯಲ್ಲಿ ಅದಕ್ಕೂ ಊರಾಚೆಯ ಕಿಲೋಮೀಟರುಗಟ್ಟಲೆ ಅಂತರಕ್ಕೂ ಹೆಚ್ಚುಕಡಿಮೆ ಒಂದೇ ಜಾಗ. ಯಾವ ನಿಲ್ದಾಣದ ನಂತರ ಯಾವುದು, ಎಲ್ಲಿ ಮಾರ್ಗ ಬದಲಿಸಬಹುದು, ಇವೆರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಬೆಕ್ ಕೈಬಿಟ್ಟರು. ಅಂಚೆಚೀಲಕ್ಕೂ ಇಷ್ಟೇ ಸಾಕು. ಮುಂಬೈಯಿಂದ ಹೊರಟ ಲಕೋಟೆಗೆ ತುಮರಿ ಯಾವ ದಿಕ್ಕಿನಲ್ಲಿದೆಯೆಂದು ಗೊತ್ತಿರಬೇಕಾದ್ದಿಲ್ಲ, ಮುಂದಿನ ಚೀಲ ಯಾವುದೆಂದು ಗೊತ್ತಿದ್ದರೆ ಮುಗಿಯಿತು. ಆ್ಯಪ್‌ಗಳ ನಿಜವಾದ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ ನೋಡುತ್ತ ನಾನು ಎರಡು ವಾರದಲ್ಲಿ ಕಲಿಯದ್ದನ್ನು ಈ ಗೆರೆಗಳು ಆ ಬೆಂಚಿನ ಮೇಲೆ ಕೆಲವೇ ನಿಮಿಷಗಳಲ್ಲಿ ಕಲಿಸಿದವು.

ಕಪ್ಪು ಗೆರೆಯಲ್ಲಿ ಒಂದೇ ನಿಲ್ದಾಣ ಹಿಂದಕ್ಕೆ ಹೋದರೆ ಕಿಂಗ್ಸ್ ಕ್ರಾಸ್. ಅಲ್ಲಿ ತಿಳಿನೀಲಿ ಗೆರೆ ಹಾದುಹೋಗುತ್ತದೆ. ಆ ತಿಳಿನೀಲಿ ಗೆರೆಯನ್ನೇ ಬೆರಳಿನಿಂದ ಹಿಂಬಾಲಿಸಿದರೆ ಯೂಸ್ಟನ್, ನಾನು ತಪ್ಪಿಸಿಕೊಂಡ ವಾರೆನ್ ಸ್ಟ್ರೀಟ್, ಆಕ್ಸ್‌ಫರ್ಡ್ ಸರ್ಕಸ್, ಗ್ರೀನ್ ಪಾರ್ಕ್, ವಿಕ್ಟೋರಿಯಾ, ಪಿಮ್ಲಿಕೊ, ವಾಕ್ಸಾಲ್. ಏಳು ನಿಲ್ದಾಣ. ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಂಡು, ಎದುರು ದಿಕ್ಕಿನ ಪ್ಲಾಟ್‌ಫಾರ್ಮಿಗೆ ಸುತ್ತಿ ಹೋಗಿ ರೈಲು ಹತ್ತಿದೆ. ಅಂದು ಸುತ್ತಿದ ಸುತ್ತಿಗೆ ಬೇರೆ ದುಡ್ಡು ಹಿಡಿಯಲಿಲ್ಲ, ಎಲ್ಲಿ ಒಳಗೆ ಹೋದೆ, ಎಲ್ಲಿ ಹೊರಗೆ ಬಂದೆ ಎಂಬುದರ ಮೇಲೆ ಕಾರ್ಡಿನ ಲೆಕ್ಕ.

ವಾಕ್ಸಾಲ್‌ನಲ್ಲಿ ಮೇಲೆ ಬಂದಾಗ ಇನ್ನೊಂದು ಫಜೀತಿ ಕಾದಿತ್ತು. ನಿಲ್ದಾಣದ ಸುತ್ತ ಬಸ್ಸುಗಳು, ದೊಡ್ಡ ರಸ್ತೆಗಳು, ಮೇಲೊಂದು ರೈಲು ಸೇತುವೆ. ಫೋನಿಗೆ ಸಿಗ್ನಲ್ ಬಂತು, ಚುಕ್ಕೆಯೂ ಬಂತು, ಆದರೆ ಚುಕ್ಕೆಗೆ ಅಂಟಿಕೊಂಡ ದಿಕ್ಕಿನ ಬೀಸಣಿಗೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ತಿರುಗತೊಡಗಿತು. ಫೋನಿನೊಳಗಿನ ದಿಕ್ಸೂಚಿ ಭೂಮಿಯ ಕಾಂತಶಕ್ತಿಯನ್ನು ಅಳೆಯುವಂಥದ್ದು. ಸುತ್ತ ಉಕ್ಕಿನ ರಾಶಿ, ಕೆಳಗೆ ವಿದ್ಯುತ್ತಿನ ಹಳಿ ಇದ್ದಲ್ಲಿ ಅದಕ್ಕೆ ಭ್ರಮೆಯಾಗುತ್ತದೆ. ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಅಂಕಿಯಂತೆ ಆಡಿಸಿದರೆ ಸರಿಹೋಗುತ್ತದೆಂದು ಮಗಳು ಹೇಳಿಕೊಟ್ಟಿದ್ದಳು. ಆ ರಸ್ತೆಯ ಬದಿಯಲ್ಲಿ ನಿಂತು ಆರತಿ ಎತ್ತಿದಂತೆ ಫೋನು ಆಡಿಸಲು ನನಗೆ ಸಂಕೋಚವಾಯಿತು. ಪ್ರತಿಮೆ ಇರುವುದು ಉತ್ತರಕ್ಕೆ, ನದಿ ಪಶ್ಚಿಮಕ್ಕೆ ಎಂದು ನಕ್ಷೆಯಲ್ಲಿ ನೋಡಿಕೊಂಡಿದ್ದೆ. ಹನ್ನೊಂದೂವರೆಯ ಬಿಸಿಲಿತ್ತು, ನೆರಳು ಮುಂದಕ್ಕೆ, ಸ್ವಲ್ಪ ಎಡಕ್ಕೆ ಬೀಳುವ ಹಾಗೆ ತಿರುಗಿ ನಿಂತು ನಡೆದೆ. ಅಲ್ಲಿನ ಗುಪ್ತಚರ ಸಂಸ್ಥೆಯ ದೊಡ್ಡ ಕಟ್ಟಡ ಎಡಕ್ಕೆ ಸಿಕ್ಕಿತು, ಅದರ ಮುಂದೆ ನದಿಯೂ ಎಡಕ್ಕೇ ಸಿಕ್ಕಿತು, ಮತ್ತೆ ಫೋನು ತೆಗೆಯಲಿಲ್ಲ.

ಬಸವಣ್ಣನವರ ಮುಂದೆ ಕಾಲು ಗಂಟೆ ಕುಳಿತಿದ್ದೆ. ಬುತ್ತಿಯಲ್ಲಿ ತಂದಿದ್ದ ಅವಲಕ್ಕಿ ಅಲ್ಲಿಯೇ ಮುಗಿಯಿತು.

ಹಿಂದಿರುಗುವಾಗಿನ ಲೆಕ್ಕ ಬೇರೆ. ವಾರೆನ್ ಸ್ಟ್ರೀಟಿನಲ್ಲಿ ಉತ್ತರಕ್ಕೆ ಹೋಗುವ ಗಾಡಿಗಳೆಲ್ಲ ಆಗಲೇ ಚೇರಿಂಗ್ ಕ್ರಾಸ್ ದಾಟಿ ಬಂದವು, ಆದ್ದರಿಂದ ವಯಾ ನೋಡುವ ಕೆಲಸವಿಲ್ಲ. ನೋಡಬೇಕಾದ್ದು ಕೊನೆಯ ಊರನ್ನು, ಏಕೆಂದರೆ ಕ್ಯಾಮ್ಡನ್‌ನ ಆಚೆ ಕೆಲವು ಹೈ ಬಾರ್ನೆಟ್‌ಗೆ, ಕೆಲವು ಎಜ್‌ವೇರ್‌ಗೆ ಒಡೆದು ಹೋಗುತ್ತವೆ. ಹೈ ಬಾರ್ನೆಟ್ ಗಾಡಿಯನ್ನು ಬಿಟ್ಟು ಎಜ್‌ವೇರ್ ಗಾಡಿಗೆ ಕಾದೆ. ಹೊರಡುವ ಮುನ್ನ ನೆಲದ ಮೇಲೆಯೇ ದಾರಿಯ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೆ, ಚೀಟಿಯನ್ನೂ ಬರೆದಿದ್ದೆ. ಆಮೇಲಿನ ಆರು ವಾರಗಳಲ್ಲಿ ಇದೇ ಅಭ್ಯಾಸವಾಯಿತು. ಮಾರ್ಗ, ಬಣ್ಣ, ವಯಾ, ಕೊನೆಯ ಊರು, ಬದಲಿಸುವ ಜಾಗ ಇಷ್ಟನ್ನು ಮೇಲೆ ಓದಿಕೊಂಡು ಇಳಿದರೆ ಕೆಳಗೆ ಫೋನು ತೆರೆಯುವ ಪ್ರಸಂಗ ಬರುತ್ತಿರಲಿಲ್ಲ. ಹೆಸರುಗಳನ್ನು ಮಾತ್ರ ಓದಿದಂತೆ ಉಚ್ಚರಿಸಬಾರದು. ಬರಹದ ಲೀಸೆಸ್ಟರ್ ಧ್ವನಿವರ್ಧಕದಲ್ಲಿ ಲೆಸ್ಟರ್ ಆಗಿ ಕೇಳಿಸುತ್ತದೆ, ಸೌತ್‌ವಾರ್ಕ್ ಸದಕ್ ಆಗುತ್ತದೆ. 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದು ಬರೆಸಿಕೊಂಡು ಬಾಯಲ್ಲಿ ಶಿವಮೊಗ್ಗವಾಗಿಯೇ ಉಳಿದ ಊರಿನ ಜಿಲ್ಲೆಯವಳಾದ ನಾನು ಇದಕ್ಕೆ ದೂರುವ ಹಾಗಿರಲಿಲ್ಲ.

ಮರುವರ್ಷ ಮಾರ್ಚ್‌ನಲ್ಲಿ ಜುಬಿಲಿ ಮಾರ್ಗದ ಒಂದು ಭಾಗದ ಸುರಂಗದೊಳಗೆ 4ಜಿ ಬಂತೆಂದು ಮಗಳು ತಿಳಿಸಿದಳು. ಮುಂದೆ ಬೇರೆ ಮಾರ್ಗಗಳಿಗೂ ಅದು ಇಳಿಯಿತು. ಈಗ ಏಂಜೆಲ್‌ನ ಬೆಂಚಿನಲ್ಲಿ ಕುಳಿತವರು ಬಹುಶಃ ಫೋನನ್ನೇ ಕೇಳಿ ಎದ್ದು ಹೋಗುತ್ತಾರೆ.

ನಮ್ಮ ಕಡೆಯೂ ಬದಲಾಗದೆ ಉಳಿದಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ತೆರೆಯಿತು, ಉದ್ದ 2.44 ಕಿಲೋಮೀಟರ್. ಅದರ ಮರುವಾರ ಆಷಾಢದ ಮಳೆಯಲ್ಲಿ ಮಗಳು ಬಂದಳು. ಸಾಗರದಿಂದ ಬಾಡಿಗೆ ಕಾರಿನಲ್ಲಿ ಬರುವಾಗ ಅವಳ ಫೋನಿನ ನಕ್ಷೆಯಲ್ಲಿ ಸೇತುವೆ ಇನ್ನೂ ಮೂಡಿರಲಿಲ್ಲ. ಕಾರು ಸೇತುವೆಯ ನಡುವೆ ಬಂದಾಗ ನೀಲಿ ಚುಕ್ಕೆ, ಸುತ್ತ ಎಲ್ಲಿಯೂ ರಸ್ತೆಯಿಲ್ಲದ ಹಿನ್ನೀರಿನ ನೀಲಿಯಲ್ಲಿ ಒಂದೇ ವೇಗದಲ್ಲಿ ತೇಲಿಕೊಂಡು ಹೋಗುತ್ತಿತ್ತು. ಫೋನು ಎರಡು ಸಲ ಹಿಂದಕ್ಕೆ ತಿರುಗಿಸಿ ಎಂದಿತು.

‘ಅಮ್ಮಾ, ಇದಕ್ಕೆ ತಿಳಿಯೋದೇ ಇಲ್ಲ’ ಎಂದು ಮಗಳು ಪರದೆಯನ್ನು ನನ್ನ ಕಡೆಗೆ ಹಿಡಿದಳು. ‘ಇನ್ನೂ ವಯಾ ನಿಟ್ಟೂರು ಹೋಗಿ ಅಂತಿದೆ.’